ಡೈರಿಯಮ್ಮ ಬರೆದಿಟ್ಟ ಕಾರಣಗಳು

ಅವರ ಬಲಗೈ ಎಡಗೈಗಿಂತ ಬೆಳ್ಳಗಿತ್ತು. ವರ್ಷಗಟ್ಟಲೆ ಹಾಲಿನ ಕ್ಯಾನಿನೊಳಗೆ ಮೊಣಕೈವರೆಗೆ ಇಳಿದು, ಸೋಡಾಪುಡಿ ನೀರಿನಲ್ಲಿ ತಿಕ್ಕಿದ ಕೈ ಅದು. ಬೆರಳ ತುದಿಗಳು ಯಾವಾಗಲೂ ನೆನೆದು ಸುಕ್ಕುಗಟ್ಟಿರುತ್ತಿದ್ದವು. ಪೆನ್ನು ಹಿಡಿಯುವ ಮುಂಚೆ ಕೈಯನ್ನು ಸೆರಗಿಗೆ ಎರಡೆರಡು ಸಲ ಒರೆಸಿಕೊಳ್ಳುತ್ತಿದ್ದರು, ಹಾಳೆ ಒದ್ದೆಯಾಗಬಾರದಲ್ಲ. ಮದ್ದೂರು ತಾಲ್ಲೂಕಿನ ಕೊಪ್ಪದಿಂದ ಎರಡು ಮೈಲಿ ಆಚೆಗಿನ ಒಂದು ಸಣ್ಣ ಹಳ್ಳಿಯಲ್ಲಿ, ನಾನು ಕೆಲಸಕ್ಕಿದ್ದ ಖಾಸಗಿ ಡೈರಿಗೆ ಹಾಲು ಅಳೆದುಕೊಳ್ಳುತ್ತಿದ್ದವರು ಅವರೇ. ಊರಿಗೆಲ್ಲ ಡೈರಿಯಮ್ಮ.

ನಾನು ಮಳವಳ್ಳಿಯವನು. ಮಂಡ್ಯದಲ್ಲಿ ಎಂಬಿಎ ಓದಿ ಮದ್ದೂರಿನ ಡೈರಿ ಆಫೀಸಿಗೆ ಸೇರಿದಾಗ ನನಗೆ ಒಪ್ಪಿಸಿದ್ದು ಒಂದೇ ಕೆಲಸ. ಮೂವತ್ತು ಹಳ್ಳಿಯ ಕೇಂದ್ರಗಳ ಅಂಕಿಗಳನ್ನು ಕಂಪ್ಯೂಟರಿಗೆ ಹಾಕಿ, ಎಲ್ಲಿ ಎಡವಟ್ಟಾಗುತ್ತಿದೆ ಎಂದು ಮಾಲೀಕರಿಗೆ ತೋರಿಸಬೇಕಿತ್ತು. ಲ್ಯಾಪ್‌ಟಾಪ್ ಬ್ಯಾಗನ್ನು ಹೆಗಲಿಗೇರಿಸಿ ಬೈಕಿನಿಂದ ಇಳಿಯುತ್ತಿದ್ದ ನನ್ನ ಗತ್ತು ನೆನೆದರೆ ಈಗ ನಗುವೂ ಬರುತ್ತದೆ, ನಾಚಿಕೆಯೂ ಆಗುತ್ತದೆ.

ಡೈರಿಯಮ್ಮನ ಹತ್ತಿರ ಒಂದು ಉದ್ದನೆಯ ಪುಸ್ತಕ ಇತ್ತು. ಯಾವ ಮನೆಯಿಂದ ಎಷ್ಟು ಹಾಲು ಬಂತು ಎಂದು ಬರೆದು, ಎಂದಿಗಿಂತ ಕಡಿಮೆ ಬಂದಿದ್ದರೆ ಪಕ್ಕದಲ್ಲಿ ಒಂದು ಮಾತು ಸೇರಿಸುತ್ತಿದ್ದರು: ನೆಂಟರು. ಜ್ವರ. ಬಾಣಂತಿ. ಗಬ್ಬ. ಇದೆಲ್ಲ ಯಾಕಮ್ಮ ಎಂದು ಕೇಳಿದ್ದೆ.

"ಆಲು ಕಮ್ಮಿಯಾದ್ರೆ ಮೊದ್ಲು ಮನೆ ಕಡೆ ನೋಡ್ಬೇಕು ಕಣಪ್ಪ, ಆಮೇಲೆ ಅಸಿನ ಕಡೆ. ಮನೇಲಿ ಕಾಯ್ಲೆ ಬಿದ್ದೋರು ಇದ್ರೆ ಒಂದ್ಲೋಟ ಒಳೀಕೇ ಉಳ್ಕತದೆ. ಅದ್ಕೆ ಅಸ ಏನ್ ಮಾಡ್ತದೆ?"

ಆ ಬೇಸಿಗೆ ಅವರ ಕೇಂದ್ರದ ಹಾಲು ಮದ್ದೂರು ತಲುಪುವಷ್ಟರಲ್ಲಿ ಆಗಾಗ ಒಡೆದಿರುತ್ತಿತ್ತು. ಕ್ಯಾನು ಸರಿಯಾಗಿ ತೊಳೆಯುತ್ತಿಲ್ಲ ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ವಾರವಾರದ ಸರಾಸರಿ ಹಾಕಿ ಬಣ್ಣದ ಗೆರೆ ಎಳೆದು ಅವರ ಮುಂದೆಯೇ ಹಿಡಿದೆ. ಅವರು ಕೈ ಒರೆಸಿಕೊಂಡು ಪುಸ್ತಕ ತೆರೆದು, ಹಾಲಿನ ಗಾಡಿ ಬಂದುಹೋದ ಹೊತ್ತನ್ನೂ, ಹಾಲು ಒಡೆದ ದಿನಗಳನ್ನೂ ಬೆರಳಿಟ್ಟು ತೋರಿಸಿದರು. ಒಡೆದದ್ದೆಲ್ಲ ಸಂತೆಯ ದಿನ. ಸಂತೆಯ ಜನಜಂಗುಳಿಯಲ್ಲಿ ಗಾಡಿ ಸಿಕ್ಕಿಕೊಂಡು, ಹಾಲು ಬಿಸಿಲಲ್ಲಿ ನಿಂತಿರುತ್ತಿತ್ತು.

"ಏಳು ದಿನಾನೂ ಸೇರ್ಸಿ ಭಾಗ ಮಾಡ್ಬುಟ್ರೆ ಸಂತೆ ದಿನ ಎಲ್ಲಪ್ಪ ಕಾಣ್ತದೆ? ಅವತ್ತೊಂದಿನ ಗಾಡಿ ನಾಲೆ ಏರಿ ಮ್ಯಾಲೆ ಓಗ್ಲಿ ಅನ್ನು."

ಗಾಡಿ ನಾಲೆ ಏರಿಯ ದಾರಿ ಹಿಡಿಯಿತು. ಹಾಲು ಒಡೆಯುವುದು ನಿಂತಿತು. ಮಾಲೀಕರು ನನ್ನ ಬೆನ್ನು ತಟ್ಟಿದರು, ನಾನು ತಟ್ಟಿಸಿಕೊಂಡೆ. ಡೈರಿಯಮ್ಮನ ಹೆಸರು ಹೇಳಬೇಕಿತ್ತು, ಹೇಳಲಿಲ್ಲ.

ಆಮೇಲೆ ಎಲ್ಲ ಕೇಂದ್ರಕ್ಕೂ ಮೆಷಿನ್ನು ಬಂತು. ಹಾಲು ಸುರಿದರೆ ಅಂಕಿ ತಾನಾಗಿ ಮದ್ದೂರಿಗೆ ಹೋಗುತ್ತಿತ್ತು. ಡೈರಿಯಮ್ಮ ಪರದೆಯನ್ನು ಆ ಕಡೆ ಈ ಕಡೆ ನೋಡಿ, "ಕಾರಣ ಎಲ್ ಬರೀಲಿ?" ಎಂದರು. ಅದಕ್ಕೆ ಕಾಲಂ ಇಲ್ಲಮ್ಮ ಎಂದೆ. "ಸರಿ ಬುಡು" ಎಂದು, ಪುಸ್ತಕದಲ್ಲೇ ಬರೆಯುವುದನ್ನು ಮುಂದುವರಿಸಿದರು.

ಅದೇ ವರ್ಷ ಮಾಲೀಕರು ಕೇಳಿದರೆಂದು ನಾನೊಂದು ನಿಯಮ ಬರೆದುಕೊಟ್ಟೆ. ಮೂರು ತಿಂಗಳು ಒಂದೇ ಸಮನೆ ಹಾಲು ಇಳಿದ ಕೇಂದ್ರವನ್ನು ಮುಚ್ಚಿ ಪಕ್ಕದ ಊರಿನ ಕೇಂದ್ರಕ್ಕೆ ಸೇರಿಸುವುದು, ಯಾರಿಗೂ ವಿನಾಯಿತಿ ಇಲ್ಲ. ಆ ಕೊನೆಯ ಮಾತು ಬರೆದಾಗ ನನಗೆ ಬಹಳ ಹೆಮ್ಮೆಯಾಗಿತ್ತು. ನಿಯಮಕ್ಕೆ ಸಿಕ್ಕಿದ ಮೊದಲ ಕೇಂದ್ರವೇ ಡೈರಿಯಮ್ಮನದು.

ಅವರು ಪುಸ್ತಕವನ್ನು ಟವೆಲಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿ ಮದ್ದೂರಿನ ಆಫೀಸಿಗೆ ಬಂದರು. ಮಾಲೀಕರ ಮೇಜಿನ ಮೇಲೆ ಬಿಚ್ಚಿಟ್ಟು ಮನೆಮನೆಯ ಲೆಕ್ಕ ಒಪ್ಪಿಸಿದರು.

"ಓದ್ ವರ್ಸ ಕಾಲುಬಾಯಿ ಬೇನೆ ಬಂದಿತ್ತಲ್ಲ ಸಾಮಿ, ಅದ್ರಿಂದ ಎದ್ಮೇಲೆ ಎಲ್ಲಾ ಅಸ್ಗಳೂ ಒಂದೇ ಕಿತ ಗಬ್ಬ ಆದ್ವು. ಅದ್ಕೇ ಈಗ ಆಲು ಕಮ್ಮಿ. ಉಗಾದಿ ಕಳೀಲಿ, ಎಲ್ಲಾ ಕರ ಆಕ್ತವೆ. ಅಲ್ಲೀಗಂಟ ತಡ್ಕಳಿ."

ಮಾಲೀಕರು ಕೆಟ್ಟವರಲ್ಲ. ಸಮಾಧಾನವಾಗಿಯೇ ಕೇಳಿಸಿಕೊಂಡು ನನ್ನ ಕಡೆ ತಿರುಗಿದರು. "ಇದು ನೀವೇ ಬರೆದ ನಿಯಮ ಅಲ್ವೇನ್ರಿ? ಇವರೊಬ್ಬರಿಗೆ ಬಿಟ್ಟರೆ ನಾಳೆ ಮಿಕ್ಕವರೂ ಬಂದು ಕೂರ್ತಾರೆ."

ಡೈರಿಯಮ್ಮ ನನ್ನ ಮುಖ ನೋಡಿದರು. ಅವರು ಹೇಳುತ್ತಿರುವುದೇ ಸರಿ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಈ ಸಲಕ್ಕೆ ಒಂದು ಅವಕಾಶ ಕೊಡಬಹುದೇನೋ ಸಾರ್ ಎಂದು ತೊದಲಿದೆ. ವಿನಾಯಿತಿ ಇಲ್ಲ ಎಂದು ಬರೆದವರು ನೀವೇ ಎಂದು ಮಾಲೀಕರು ಮತ್ತೆ ನೆನಪಿಸಿದರು. ಕೆಲಸ ಬಿಡುತ್ತೇನೆ ಎನ್ನುವ ಧೈರ್ಯ ಇರಲಿಲ್ಲ.

ಬಸ್‌ಸ್ಟ್ಯಾಂಡಿನವರೆಗೆ ಅವರ ಜೊತೆ ನಡೆದೆ. ಅರ್ಧ ದಾರಿಯಲ್ಲಿ ಅವರು ಪುಸ್ತಕವನ್ನು ಮತ್ತೆ ಟವೆಲಿನಲ್ಲಿ ಸುತ್ತಿಕೊಂಡರು. ಆಮೇಲೆ ಕೇಳಿದರು:

"ನಮ್ಮ ಕುಂಟಜ್ಜಿ ಒಂದ್ಲೀಟ್ರು ಆಲು ಇಡ್ಕಂಡು ಕೊಪ್ಪದ್ ಗಂಟ ಓಗ್ತಾಳಾ? ನಿನ್ ಮಿಸಿನ್ಗೆ ಕೇಳ್ದಾ ಅದ್ನ?"

ಕೇಳಿರಲಿಲ್ಲ. ಕೇಂದ್ರ ಮುಚ್ಚಿತು. ಉಗಾದಿ ಕಳೆದು ಹದಿನೈದು ದಿನಕ್ಕೆ ಅವರು ಹೇಳಿದಂತೆಯೇ ಮನೆಮನೆಯಲ್ಲೂ ಕರುಗಳಾದವು. ಬೈಕು ಇದ್ದವರು ಕೊಪ್ಪಕ್ಕೆ ಹಾಲು ಹಾಕಿದರು. ಕುಂಟಜ್ಜಿಯಂಥವರು ಹಸುವನ್ನೇ ಮಾರಿಕೊಂಡರು. ಆಫೀಸಿನ ವರದಿಯಲ್ಲಿ ಕೊಪ್ಪದ ಗೆರೆ ಮೇಲೇರಿತ್ತು, ಎಲ್ಲರಿಗೂ ಸಂತೋಷವಾಗಿತ್ತು. ನಾನೂ ಅಲ್ಲೇ ಕುಳಿತಿದ್ದೆ.

ಕಾರಣ ಬರೆಯಲು ಒಂದು ಕಾಲಂ ಬೇಕೆಂದು ಎಷ್ಟೋ ತಿಂಗಳು ಕಾಡಿ ಕೊನೆಗೂ ಹಾಕಿಸಿದೆ. ಅಷ್ಟಾದರೂ ಮಾಡಿದೆನಲ್ಲ ಎಂದುಕೊಂಡಿದ್ದೆ. ಒತ್ತಿ ಆರಿಸುವ ಪಟ್ಟಿಯಲ್ಲಿ ಜ್ವರ, ಗಬ್ಬ, ನೆಂಟರು ಎಲ್ಲ ಇದ್ದವು, ಕೊನೆಯಲ್ಲಿ ಇತರೆ. ಸಾಲಿನಲ್ಲಿ ಜನ ಕಾಯುತ್ತಿರುವಾಗ ಯಾರು ಹುಡುಕಿಕೊಂಡು ಕೂರುತ್ತಾರೆ? ಎಲ್ಲ ಕೇಂದ್ರದವರೂ ಇತರೆ ಒತ್ತಿ ಮುಗಿಸುತ್ತಿದ್ದರು.

ಡೈರಿಯಮ್ಮನ ಮನೆಯಲ್ಲೂ ಒಂದು ಹಸು ಇತ್ತು. ಮಗ ದಿನಾ ಬೆಳಿಗ್ಗೆ ಕೊಪ್ಪಕ್ಕೆ ಹಾಲು ತರುತ್ತಿದ್ದ. ಅವರು ತೀರಿಕೊಂಡದ್ದು ನನಗೆ ಗೊತ್ತಾದದ್ದು ಐದನೆಯ ದಿನ, ಹಾಲಿನ ಗಾಡಿಯ ಡ್ರೈವರ್ ಬಾಯಲ್ಲಿ. ಎದೆನೋವು ಅಂದರಂತೆ, ಮಂಡ್ಯದ ಆಸ್ಪತ್ರೆ ತಲುಪುವ ಮೊದಲೇ ಹೋದರಂತೆ. ಓಡಿಬಂದು ಕಂಪ್ಯೂಟರ್ ತೆಗೆದೆ. ಆ ಮನೆಯ ಸಾಲಿನಲ್ಲಿ ನಾಲ್ಕು ದಿನ ಸೊನ್ನೆ. ಪಕ್ಕದಲ್ಲಿ ನಾಲ್ಕು ಸಲ, ಇತರೆ.

ಆ ಸೊನ್ನೆಗಳನ್ನು ನಾನು ದಿನಾ ನೋಡಿದ್ದೆ. ಯಾಕೆ ಎಂದು ಒಂದು ಫೋನು ಮಾಡಿ ಕೇಳಿರಲಿಲ್ಲ.