ಮಗಳು ತವರಿಗೆ ಬರಲಿಲ್ಲ

ಎರಡೂ ಕಿವಿಗೆ ಮಿಷನ್ ಹಾಕಿಸಿಕೊಂಡ ಮೊದಲ ವಾರ ನನಗೆ ತಲೆ ಕೆಟ್ಟುಹೋಗಿತ್ತು. ಯಾರಾದರೂ ಪ್ಲಾಸ್ಟಿಕ್ ಕವರ್ ಮುಟ್ಟಿದರೆ ಸಾಕು, ಕಿವಿಯೊಳಗೇ ಪರಪರ ಅನ್ನುತ್ತಿತ್ತು. ನಾನು ಹಪ್ಪಳ ಕಡಿಯುವ ಸದ್ದು ನನಗೇ ಅಸಹ್ಯ. ದಿನಾ ಸ್ವಲ್ಪ ಹೊತ್ತು ಹಾಕಿಕೊಂಡು ರೂಢಿ ಮಾಡಿಕೊಳ್ಳಿ ಎಂದಿದ್ದರು ಮೈಸೂರಿನ ಡಾಕ್ಟರಮ್ಮ. ಹಾಳಾದ್ದನ್ನು ಕಿತ್ತು ಹಿತ್ತಿಲಿಗೆ ಎಸೆಯೋಣ ಅನ್ನಿಸುತ್ತಿತ್ತು.

ಕಿವಿ ಮಂದವಾದ ಮೇಲೆ ಫೋನೆಲ್ಲ ನಮ್ಮ ಯಜಮಾನರದೇ. ಟಿ. ನರಸೀಪುರಕ್ಕೆ ಕೊಟ್ಟಿರುವ ಮಗಳು ಹೇಳಿದ್ದನ್ನು ಇವರು ಕೇಳಿಸಿಕೊಂಡು, ನನ್ನ ಕಿವಿಯ ಹತ್ತಿರ ಕೂಗಿ ಹೇಳುತ್ತಿದ್ದರು. ಹೋದ ವರ್ಷ ಅವಳ ಚೊಚ್ಚಲು ಬಾಣಂತನಕ್ಕೆಂದು ನಾನು ಹಳೆಯ ಹತ್ತಿ ಸೀರೆಗಳನ್ನು ಒಗೆದು, ಮೆಣಸು, ಬೆಳ್ಳುಳ್ಳಿ ತಂದಿಟ್ಟುಕೊಂಡು ಕಾದಿದ್ದೆ. "ಅತ್ತೆ ಮನೇಲೇ ಇರ್ತಾಳಂತೆ ಕಣೆ" ಎಂದು ಇವರು ಕೂಗಿದರು. ಚೊಚ್ಚಲಿಗೆ ತವರು ಬೇಡ ಅನ್ನುವ ಮಗಳುಂಟೇ? ಹೊಟ್ಟೆ ಉರಿದುಹೋಯಿತು. ನಾಮಕರಣಕ್ಕೆ ಹೋದಾಗ ಅವಳು ಮುಖ ಕೊಟ್ಟು ಮಾತಾಡಲಿಲ್ಲ. ನಾನೂ ಮಾತಾಡಿಸಲಿಲ್ಲ.

ಮಿಷನ್ ಬಂದ ವಾರವೇ ಒಂದು ದಿನ ಬೆಳಗ್ಗೆ ಹೆಡತಲೆ ಊರಿನ ನಮ್ಮ ಮನೆಯಲ್ಲಿ ಮಿಷನ್ ಹಾಕಿಕೊಂಡು ಅವರೆಕಾಯಿ ಬಿಡಿಸುತ್ತಿದ್ದೆ. ಇವರು ಎಂದಿನಂತೆ ಜಗುಲಿಯ ಮೇಲೆ ಫೋನಿನ ಸ್ಪೀಕರ್ ಹಾಕಿಕೊಂಡು ಕೂತಿದ್ದರು. ಮಗಳ ದನಿ ಒಳಗಿನವರೆಗೂ ಬಂತು.

"ಅಪ್ಪಾ, ಬಾಣಂತನಕ್ಕಂತೂ ಬರ್ಬೇಡ ಅಂದ್ಲು ಅವ್ವ. ಮಗೀನ ನೋಡಕ್ಕಾದ್ರೂ ಇನ್ನೊಂದ್ ಸಲ ಬರ್ಬಾರ್ದಾ?"

"ಅವಳ ಬುದ್ಧಿ ನಿಂಗ್ ಗೊತ್ತಲ್ಲವ್ವ."

ನನ್ನ ಕೈ ನಿಂತೇಹೋಯಿತು. ಮಿಷನ್ನೇ ಏನಾದರೂ ಹೆಚ್ಚುಕಮ್ಮಿ ಮಾಡಿತೇ ಅಂದುಕೊಂಡೆ. ಅಷ್ಟರಲ್ಲಿ ಇವರು ಫೋನಿಟ್ಟು ಒಳಗೆ ಬಂದು ಕೂಗಿದರು: "ಮಗ್ಳು ಫೋನ್ ಮಾಡಿದ್ಲು. ಎಲ್ಲಾ ಚೆಂದಾಗವ್ರಂತೆ."

"ಕೂಗ್ಬೇಡಿ. ಎಲ್ಲಾ ಕೇಳುಸ್ತು. ನಾನ್ಯಾವಾಗ ಅವಳ್ನ ಬರ್ಬೇಡ ಅಂದೆ?"

ನನ್ನ ಹೆಸರು ಹೇಳಿ ಅವಳನ್ನು ಬೇಡ ಅಂದವರು ಇವರೇ. ಒಂದು ವರ್ಷದಿಂದ ಇವರು ಹೇಳಿದ್ದೇ ನಿಜವೆಂದು ನಂಬಿ, ಹೆತ್ತ ಮಗಳನ್ನೇ ಬೈದುಕೊಂಡು ಕೂತಿದ್ದೆನಲ್ಲ! ಎಂಥ ಮೋಸ!

"ಇನ್ನೇನ್ ಮಾಡ್ಲಿ ಕಣೆ? ರಾತ್ರಿ ಮಗು ಅತ್ರೆ ನಿಂಗ್ ಕೇಳುಸ್ತಿತ್ತಾ?"

"ನಂಗ್ ಕೇಳುಸ್ತಿರ್ಲಿಲ್ಲ. ನಿಮ್ಗ್ ಕೇಳುಸ್ತಿತ್ತಲ್ಲ, ನನ್ನ ಎಬ್ಬುಸ್ಬೋದಿತ್ತಲ್ಲ?"

ಇವರು ಗೋಡೆಯ ಕಡೆ ನೋಡಿದರು.

"ದಿನಾ ರಾತ್ರಿ ಎದ್ದೇಳದು ನನ್ ಕೈಲಾಯ್ತದಾ?"

ಅಷ್ಟೇ ಕಾರಣ. ಇವರ ನಿದ್ದೆಗೋಸ್ಕರ ನನ್ನ ಮಗಳು ತಾಯಿಯಿಲ್ಲದವಳ ಹಾಗೆ ಬಾಣಂತನ ಮುಗಿಸಿದ್ದಳು.