ಇಟಲಿ ಮನೆಯ ಗೋಪುರದಲ್ಲಿ ಎರಡು ಎಲೆ

ಗಲ್ಫಿನ ಸೀಬಿನಲ್ಲಿ ಕಡಲ ಬದಿಯ ಆ ಬಂಗಲೆಯನ್ನು ಅಲ್ಲಿ ದುಡಿಯುವ ನಮ್ಮ ಕರಾವಳಿಯವರು ಇಟಲಿ ಮನೆ ಎನ್ನುತ್ತಿದ್ದರು. ನಾಲಿಗೆ ಹೊರಳದವರು ಇಡ್ಲಿ ಮನೆ ಎಂದರು. ಮಾಡಿನ ಅಂಚಿನ ಕೆಳಗೆ ಸಾಲಾಗಿ ಕೂರಿಸಿದ ಗಾರೆಯ ಉಬ್ಬುಗಳನ್ನು ನೋಡಿದರೆ ಅವರದ್ದೇ ಸರಿ ಅನಿಸುತ್ತಿತ್ತು. ಮೂರು ಮೂರು ಕಮಾನಿನ ಕಿಟಕಿಗಳು, ನೆತ್ತಿಯ ಮೇಲೊಂದು ಚೌಕ ಗೋಪುರ. ಇಟಲಿ ಬೂಟಿನ ಹಾಗಿದೆ ಎಂದು ಕಾನ್ವೆಂಟಿನ ಸಿಸ್ಟರುಗಳು ನಮಗೆ ಕಲಿಸಿದ್ದರು. ಖರ್ಜೂರದ ವ್ಯಾಪಾರಿ ಹಾಜಿ ಒಮ್ಮೆ ಆ ಬೂಟಿನೊಳಗೆ ಕಾಲಿಟ್ಟು ಬಂದವರು, ಅಲ್ಲಿ ಕಂಡಂಥ ಮನೆಯನ್ನೇ ಇಲ್ಲಿ ಕಟ್ಟಿಸಿದರು. ಅದು ೧೯೮೧. ಸುತ್ತ ಎಲ್ಲವೂ ಹೊಚ್ಚ ಹೊಸದಾದ ಸಿರಿವಂತರ ಬಡಾವಣೆಯಲ್ಲಿ ಹದಿನೈದು ವರ್ಷ ನಿಂತರೆ ಸಾಕು, ಮನೆ ಐತಿಹಾಸಿಕವಾಗುತ್ತದೆ. ಇಂಥ ಮನೆಗೆ ಅಲ್ಲಿ ವಿಲ್ಲಾ ಎನ್ನುತ್ತಾರೆ; ತಲೆಯ ‘ವ್’ ಹಾರಿಸಿದರೆ ಕನ್ನಡದಲ್ಲಿ ಇಲ್ಲ. ತುಳುವಿನಲ್ಲಿ ಇಲ್ಲ್, ಅಂದರೆ ಮನೆ. ಅದರ ಕಾವಲುಗಾರ ಬೋಜನಿಗೆ ಅದು ಎರಡೂ ಆಗಿತ್ತು.

ಬೋಜ ಕಾಪುವಿನವನು. ಅಣ್ಣ ಗುರುವನ ಹಿಂದೆ ಗಾರೆ ಕೆಲಸಕ್ಕೆಂದು ಬಂದವನು. ಗುರುವ ಗೋಪುರದ ಅಂಚಿಗೆ ಕೊನೆಯ ಇಡ್ಲಿ ಕೂರಿಸುತ್ತಿದ್ದಾಗ ಕಾಲಡಿಯ ಹಲಗೆ ಜಾರಿತು. ಬೋಜ ಕೆಳಗೆ ಗಾರೆ ಕಲಸುತ್ತಿದ್ದ. ಅಣ್ಣ ಬಿದ್ದದ್ದು ಆ ಗಾರೆಯ ಪಕ್ಕದಲ್ಲೇ. ಹೆಣವನ್ನು ಊರಿಗೆ ಒಯ್ಯಲಾಗಲಿಲ್ಲ, ಅಲ್ಲೇ ಸುಟ್ಟರು. ಹಾಜಿ ಮರುಗಿ, ತಮ್ಮನನ್ನು ಮನೆಯ ಕಾವಲಿಗೆ ಇಟ್ಟುಕೊಂಡರು.

ತುಳುವರ ಮನೆಗಳಲ್ಲಿ ಸತ್ತವರಿಗೂ ವರ್ಷಕ್ಕೊಮ್ಮೆ ಊಟ ಉಂಟು. ಕುಲೆಗಳಿಗೆ, ಎಂದರೆ ತೀರಿಹೋದ ಮನೆಯವರಿಗೆ, ಬಾಳೆಲೆ ಹಾಕಿ ಬಡಿಸಿ, ದೀಪ ಹಚ್ಚಿ, ಬಾಗಿಲೆಳೆದು, ಅವರು ಉಣ್ಣುವಷ್ಟು ಹೊತ್ತು ಹೊರಗೆ ಕಾಯಬೇಕು. ಬಿದ್ದು ಸತ್ತವನು ಬಿದ್ದಲ್ಲೇ ಅಲೆಯುತ್ತಾನೆ, ಆ ಜಾಗದಲ್ಲೇ ನಿಂತು ಕರೆದು ಅವನನ್ನು ಮನೆಗೆ ತರಬೇಕು ಎಂದು ಬೋಜನ ತಾಯಿ ಸಾಯುವ ಮೊದಲು ಹೇಳಿದ್ದಳು. ಕೆಲಸ ಮುಗಿಸಿ ಹೊರಡುವ ದಿನ ಕರೆದೊಯ್ಯುತ್ತೇನೆ, ಅಲ್ಲಿಯವರೆಗೆ ಇಲ್ಲೇ ಬಡಿಸುತ್ತೇನೆ ಎಂದು ಬೋಜ ನಿಶ್ಚಯಿಸಿದ.

ಪ್ರತಿ ದೀಪಾವಳಿ ಅಮಾವಾಸ್ಯೆಯ ಮುಸ್ಸಂಜೆ ಗೋಪುರದ ಕೋಣೆಯಲ್ಲಿ ಎಲೆ ಬೀಳುತ್ತಿತ್ತು. ಬಾಳೆಲೆ, ತೆಂಗು ಬಾಳೆ ಬೆಳೆಯುವ ಸಲಾಲಾದಿಂದ ತರಕಾರಿ ಲಾರಿಯಲ್ಲಿ ಬರುತ್ತಿತ್ತು. ಬ್ರಾಂಡಿ ಎಲ್ಲಿಂದ ಬರುತ್ತಿತ್ತು ಎಂದು ಯಾರೂ ಕೇಳುತ್ತಿರಲಿಲ್ಲ. ಪಕ್ಕದ ಮನೆಯ ಡ್ರೈವರ್ ಶಿರ್ವದ ಎಡ್ವರ್ಡ್ ಮೆಟ್ಟಿಲ ಮೇಲೆ ಜೊತೆಗೆ ಕೂರುತ್ತಿದ್ದ.

“ಎಂತ ಮಾರಾಯಾ, ಸತ್ತವನಿಗೆ ಬ್ರಾಂಡಿ, ಬದುಕಿದವನಿಗೆ ಬರೀ ಸುಲೈಮಾನಿ ಚಾಯವಾ?”

“ನೀನು ಸಾಯಿ ಮೊದಲು. ಮತ್ತೆ ನಿನಗೂ ಇಡುವ.”

ಒಂದು ವರ್ಷ ಹಾಜಿಯೇ ಮೆಟ್ಟಿಲು ಹತ್ತಿ ಬಂದುಬಿಟ್ಟರು. ಬಾಗಿಲ ಸಂದಿಯಿಂದ ಎಲೆ ನೋಡಿದರು. ಬೋಜ ಎದ್ದು ನಿಂತ. “ನಿನ್ನ ಅಣ್ಣನಿಗಾ?” ಎಂದು ತಮ್ಮ ಗಲ್ಫ್ ಹಿಂದಿಯಲ್ಲಿ ಕೇಳಿದರು. ತಲೆಯಾಡಿಸಿದ. “ಮೀನು ಇಷ್ಟವಿತ್ತಾ ಅವನಿಗೆ?” ಮರುವರ್ಷದಿಂದ ಅಮಾವಾಸ್ಯೆಯ ಬೆಳಿಗ್ಗೆ ಹಾಜಿಯ ಕಡೆಯಿಂದ ಒಂದು ಅಂಜಲ್ ಮೀನು ತಪ್ಪದೆ ಬಂತು.

೧೯೯೬ರ ಬೇಸಿಗೆಯಲ್ಲಿ ಹಾಜಿ ತೀರಿಕೊಂಡರು. ಆ ದೀಪಾವಳಿಗೆ ಬೋಜ ಎರಡು ಎಲೆ ತರಿಸಿದ. ಎಡ್ವರ್ಡ್ ಎಲೆಗೆ ಕೈ ಅಡ್ಡ ಹಿಡಿದ.

“ಬೋಜಾ, ಬೇಡ. ಅವರಲ್ಲಿ ಇದೆಲ್ಲ ಇಲ್ಲ.”

“ಹಸಿವೆಯೂ ಇಲ್ವಾ ಅವರಲ್ಲಿ? ವರ್ಷ ವರ್ಷ ನನ್ನ ಅಣ್ಣನಿಗೆ ಮೀನು ಕೊಟ್ಟ ಜನ. ಈಗ ಒಬ್ಬನಿಗೆ ಬಡಿಸಿ ಇನ್ನೊಬ್ಬರನ್ನು ಎದುರಿಗೆ ಸುಮ್ಮನೆ ಕೂರಿಸುವುದಾ?”

ಹಾಜಿಯ ಎಲೆಗೆ ಹಲ್ವ, ಖರ್ಜೂರ, ಒಂದು ಲೋಟ ಖಾವಾ ಕಾಫಿ ಇಟ್ಟ. ಬ್ರಾಂಡಿ ಇಡಲಿಲ್ಲ, ಅಷ್ಟು ಧರ್ಮ ಅವನಿಗೆ ಗೊತ್ತಿತ್ತು. ಯಾವ ಎಲೆ ಯಾರದ್ದೆಂದು ಸತ್ತವರಿಗೆ ಗಲಿಬಿಲಿಯಾಗದಿರಲೆಂದು ಹಾಜಿಯ ಕಸೂತಿ ಟೊಪ್ಪಿಯನ್ನು ಅವರ ಎಲೆಯ ತಲೆಯ ಬದಿಗಿಟ್ಟ. ಆಮೇಲೆ ಬಾಗಿಲೆಳೆದು, ನೀರು ತರಲು ಕೆಳಗಿಳಿದ.

ಅಷ್ಟರಲ್ಲಿ ಹಾಜಿಯ ಸೊಸೆ ಲೈಲಾ ಮಾವನ ಹಳೆಯ ಕುರ್ಚಿ ಹುಡುಕುತ್ತ ಮೇಲೆ ಹೋದಳು. ಅವಳ ಚೀರಾಟ ಬೀದಿಗೆ ಕೇಳಿತು. ಅವಳನ್ನು ದೂರಿ ಫಲವಿಲ್ಲ. ಉರಿಯುವ ದೀಪ, ಹುರಿದ ಮೀನು, ಹೆಂಡದ ವಾಸನೆ, ನಡುವೆ ಸತ್ತ ಮಾವನ ಟೊಪ್ಪಿ! ನಮ್ಮ ಮನೆಯ ಅಟ್ಟದಲ್ಲಿ ಇದು ಕಂಡಿದ್ದರೆ ನಾವೂ ಮಂತ್ರವಾದಿಗೆ ಹೇಳಿಕಳಿಸುತ್ತಿದ್ದೆವು. ಮಾಟ, ಮಾಟ ಎಂದಳು. ತಂದೆ ಸತ್ತದ್ದು ಹೇಗೆಂದು ಮಗನಿಗೆ ಆಗ ಹೊಸ ಅನುಮಾನ ಹುಟ್ಟಿತು. ಬೋಜ ವಿವರಿಸಲು ಹೋದ. ವಿವರಿಸಿದಷ್ಟೂ ಅಪರಾಧ ಬೆಳೆಯಿತು.

“ಒಂದೇ ಸಲ ಅಣ್ಣ ಬಿದ್ದಲ್ಲಿಗೆ ಹೋಗಿ ಬರ್ತೇನೆ ಅರ್ಬಾಬ್. ಅಣ್ಣನನ್ನು ಕರೀಬೇಕು,” ಎಂದು ಹೊಸ ಧಣಿಗೆ ಕೈಮುಗಿದ.

ಅದನ್ನು ಕೇಳಿ ಲೈಲಾ ಮತ್ತೆ ಚೀರಿದಳು. ಮಗ ಅಂದದ್ದು ಒಂದೇ ಮಾತು: “ಖಲಾಸ್.” ತಂದೆಗೆ ಬೇಕಾದವನೆಂದು ಪೊಲೀಸರಿಗೆ ಕೊಡಲಿಲ್ಲ, ವೀಸಾ ರದ್ದು ಮಾಡಿ, ಆ ಗಳಿಗೆಯಿಂದಲೇ ಗೇಟಿನ ಹೊರಗಿಟ್ಟ.

ವಿಮಾನ ನಿಲ್ದಾಣಕ್ಕೆ ಎಡ್ವರ್ಡನೇ ಬಿಟ್ಟದ್ದು. ದಾರಿಯಲ್ಲಿ ಇಟಲಿ ಮನೆಯೆದುರು ಬೋಜ ಕಾರು ನಿಲ್ಲಿಸಲು ಹೇಳಿದ. ಗೇಟಿಗೆ ಬೀಗ. ಗುರುವ ಬಿದ್ದ ಜಾಗ ಒಳಗೆ, ಬೊಗನ್‌ವಿಲ್ಲಾದ ಆಚೆಗೆ. ಸರಳು ಹಿಡಿದು ಗೋಪುರದತ್ತ ಕೂಗಿದ: “ಅಣ್ಣಾ, ಬಲ. ಇಲ್ಲಡೆ ಪೋಯಿ.” ಬಾ, ಮನೆಗೆ ಹೋಗೋಣ. ಮತ್ತೆ ಕೂಗಿದ. ಕಾರಿನ ಹಿಂದಿನ ಬಾಗಿಲನ್ನು ತೆರೆದು ಹಿಡಿದು, ಒಬ್ಬ ಹತ್ತಿ ಕೂರುವಷ್ಟು ಹೊತ್ತು ನಿಂತ.

“ಯಲ್ಲಾ ಬೋಜಾ, ಹೊರಡುವ. ವಿಮಾನ ಕಾಯುವುದಿಲ್ಲ,” ಎಂದ ಎಡ್ವರ್ಡ್. ದಾರಿಯುದ್ದಕ್ಕೂ ಕನ್ನಡಿಯಲ್ಲಿ ಹಿಂದೆ ನೋಡುತ್ತಿದ್ದನಂತೆ. ಸೀಟಿನ ಮೇಲೆ ಬೋಜನ ಚೀಲವೊಂದೇ ಇತ್ತಂತೆ.

ಮರುವರ್ಷ ಇಟಲಿ ಮನೆಯನ್ನು ಕೆಡವಿದರು. ಮಾಟದ ಮನೆಯಲ್ಲಿ ಇರಲಾರೆನೆಂದು ಲೈಲಾ ಹಟ ಹಿಡಿದಿದ್ದಳು. ಮೊದಲು ಉರುಳಿದ್ದೇ ಗೋಪುರ; ಇಡ್ಲಿಗಳೆಲ್ಲ ಪುಡಿಪುಡಿ. ಈಗ ಅಲ್ಲಿ ಫ್ಲ್ಯಾಟುಗಳಿವೆ.

ಅದರ ಮುಂದಿನ ದೀಪಾವಳಿಗೆ ಎಡ್ವರ್ಡ್ ರಜೆಯಲ್ಲಿ ಬಂದವನು, ಮನೆ ಕೆಡವಿದ ಸುದ್ದಿ ಹೇಳಲೆಂದೇ ಕಾಪುವಿಗೆ ಹೋದ. ಬೋಜ ಅರ್ಧಕ್ಕರ್ಧ ಇಳಿದುಹೋಗಿದ್ದ. ಹೆಂಡತಿ ಮೋಹಿನಿ ಒಳಗೆ ಎಲೆಗೆ ಬಡಿಸಿ ಬಾಗಿಲೆಳೆದು ಬಂದಳು. ಮೂವರೂ ಜಗಲಿಯಲ್ಲಿ ಕಾದರು.

“ಗೋಪುರದ ಕಿಟಕಿ ತೆರೆದು ಇಡ್ತಾರಾ?” ಬೋಜ ತಟ್ಟನೆ ಕೇಳಿದ. “ಸಮುದ್ರದ ಬದಿಯದ್ದು. ಅವನಿಗೆ ಸೆಕೆ ಆಗಿಬರುವುದಿಲ್ಲ.”

ಎಡ್ವರ್ಡ್ ಮೋಹಿನಿಯ ಮುಖ ನೋಡಿದ.

“ತೆರೆದೇ ಉಂಟು ಮಾರಾಯಾ. ಒಳ್ಳೆ ಗಾಳಿ.”

ಬೋಜ ಮುಚ್ಚಿದ ಬಾಗಿಲತ್ತ ನೋಡಿದ.

“ಹಾಗಾದ್ರೆ ಅಲ್ಲೇ ಇದ್ದಾನೆ. ಗೇಟಿನ ಹೊರಗಿಂದ ಕರೆದದ್ದು ಕೇಳಲಿಲ್ಲ ಅವನಿಗೆ. ಇಲ್ಲಿ ಬಡಿಸ್ತೇವೆ, ಯಾರೂ ಬಂದ ಹಾಗೆ ಆಗುವುದಿಲ್ಲ.” ಎಡ್ವರ್ಡನ ಮೊಣಕಾಲಿನ ಮೇಲೆ ಕೈಯಿಟ್ಟ. “ನೀನು ಹೇಗೂ ಪಕ್ಕದಲ್ಲೇ ಇದ್ದೀಯಲ್ಲ. ಹೇಗಾದರೂ ಒಳಗೆ ಹೋಗಿ ವರ್ಷಕ್ಕೊಮ್ಮೆ ಬಡಿಸ್ತೀಯಾ?”

“ಬಡಿಸುವ,” ಎಂದ ಎಡ್ವರ್ಡ್.

“ಎರಡು ಎಲೆ. ಹಾಜಿಯದ್ದಕ್ಕೆ ಬ್ರಾಂಡಿ ಬೇಡ.”