ಹಸಿರಾಗದ ಉರಿ

ಕೆಜಿಎಫ್‌ನ ಆಂಡರ್ಸನ್‌ಪೇಟೆಯ ಕುಪ್ಪುಸ್ವಾಮಿ ಫ್ರಿಡ್ಜ್ ರಿಪೇರಿ ಕಲಿತದ್ದು ಎಪ್ಪತ್ತರ ದಶಕದ ಆರಂಭದಲ್ಲಿ, ಬೆಂಗಳೂರಿನ ಒಂದು ವರ್ಕ್‌ಶಾಪಿನಲ್ಲಿ. ಅಪ್ಪ ಉರಿಗಾಂನಲ್ಲಿ ಚಿನ್ನದ ಗಣಿಗೆ ಇಳಿಯುತ್ತಿದ್ದರು. ಮಗನಿಗೆ ನೆಲದ ಮೇಲಿನ ಕೆಲಸ ಬೇಕಿತ್ತು, ಅಷ್ಟೇ.

ವರ್ಕ್‌ಶಾಪಿನಲ್ಲಿ ಕಲಿಸಿದ ಪದ್ಧತಿ ಹೀಗಿತ್ತು. ಕೆಟ್ಟ ಫ್ರಿಡ್ಜ್ ಬಂದರೆ ಮೊದಲು ಕೊಳವೆ ಕತ್ತರಿಸಿ ಒಳಗಿನ ಗ್ಯಾಸನ್ನು ಹೊರಗೆ ಬಿಡಬೇಕು. ಆಮೇಲೆ ಸಿಲಿಂಡರಿನಿಂದ ಒಂದಿಷ್ಟು ಗ್ಯಾಸ್ ಹಾಯಿಸಿ ಕೊಳವೆಗಳನ್ನು ತೊಳೆಯಬೇಕು, ಅದನ್ನೂ ಬಿಡಬೇಕು. ಕೊನೆಗೆ ತುಂಬಿದ್ದು ಮಾತ್ರ ಒಳಗೆ ಉಳಿಯುತ್ತಿತ್ತು. ಆ ಗ್ಯಾಸಿಗೆ ವಾಸನೆ ಇರಲಿಲ್ಲ, ಬೆಂಕಿ ಹತ್ತುತ್ತಿರಲಿಲ್ಲ. ಬಾಗಿಲು ತೆರೆದಿಟ್ಟರೆ ಸಾಕಿತ್ತು. ಕುಪ್ಪುಸ್ವಾಮಿ ಇಪ್ಪತ್ತೈದು ವರ್ಷ ಹೀಗೆಯೇ ಮಾಡಿದರು. ಎಲ್ಲ ಊರುಗಳ ಮೆಕ್ಯಾನಿಕ್‌ಗಳೂ ಮಾಡಿದರು.

ಬಿಟ್ಟ ಗ್ಯಾಸ್ ಮಳೆಗೆ ಕರಗುವುದಿಲ್ಲ, ಕೆಳಗಿನ ಗಾಳಿಯಲ್ಲಿ ಒಡೆಯುವುದಿಲ್ಲ. ವರ್ಷಗಟ್ಟಲೆ ಅಲೆದು ಮೇಲಿನ ಸ್ತರಗೋಳ ತಲುಪುತ್ತದೆ. ಅಲ್ಲಿ ನೇರಳಾತೀತ ಕಿರಣಗಳಿಗೆ ಸಿಕ್ಕಿ ಒಡೆದು ಕ್ಲೋರಿನ್ ಬಿಡುಗಡೆ ಮಾಡುತ್ತದೆ. ಅದೇ ಕಿರಣಗಳನ್ನು ತಡೆಯುವ ಓಜೋನ್ ಪದರವೂ ಅಲ್ಲಿಯೇ ಇದೆ. ಕ್ಲೋರಿನ್ನಿನ ಒಂದು ಪರಮಾಣು ಸಾವಿರಾರು ಓಜೋನ್ ಅಣುಗಳನ್ನು ನಾಶ ಮಾಡಬಲ್ಲದು. 1985ರಲ್ಲಿ ದಕ್ಷಿಣ ಧ್ರುವದ ಮೇಲೆ ಪ್ರತಿ ವಸಂತದಲ್ಲೂ ಓಜೋನ್ ತೀವ್ರವಾಗಿ ಕುಸಿಯುತ್ತಿದೆ ಎಂದು ವಿಜ್ಞಾನಿಗಳು ವರದಿ ಮಾಡಿದರು. ಎರಡು ವರ್ಷಗಳಲ್ಲಿ ಈ ಗ್ಯಾಸುಗಳನ್ನು ಕಡಿಮೆ ಮಾಡುವ ಒಪ್ಪಂದವಾಯಿತು. 1992ರಲ್ಲಿ ಭಾರತವೂ ಸೇರಿತು. ಆಂಡರ್ಸನ್‌ಪೇಟೆಗೆ ಈ ಸುದ್ದಿಯನ್ನು ಯಾರೂ ತಂದು ಹೇಳಲಿಲ್ಲ.

1998ರ ಹೊತ್ತಿಗೆ ಗಣಿಯ ಕೆಲಸಗಾರರು ಒಬ್ಬೊಬ್ಬರಾಗಿ ಕೆಲಸ ಕಳೆದುಕೊಂಡು ಮನೆಗೆ ಮರಳುತ್ತಿದ್ದರು. ಕೆಜಿಎಫ್‌ನಲ್ಲಿ ಫ್ರಿಡ್ಜ್ ಕೆಟ್ಟರೆ ಅದು ಬಟ್ಟೆ ಇಡುವ ಬೀರುವಾಗುತ್ತಿತ್ತು. ಕುಪ್ಪುಸ್ವಾಮಿಗೆ ಉಳಿದದ್ದು ಬಂಗಾರಪೇಟೆಯ ಮೆಡಿಕಲ್ ಶಾಪುಗಳು. ಕೋದಂಡಪ್ಪನ ಅಂಗಡಿ ಅವುಗಳಲ್ಲಿ ಮೊದಲನೆಯದು. ಅವನು ಕರೆದರೆ ಉಳಿದವರೂ ಕರೆಯುತ್ತಿದ್ದರು. ಅವನ ಕೆಲಸ ಕೈತಪ್ಪಿದರೆ ಬಂಗಾರಪೇಟೆಯೇ ಕೈತಪ್ಪಿದಂತೆ.

ಏಪ್ರಿಲ್‌ನಲ್ಲಿ ಕೋದಂಡಪ್ಪನ ಹೊಸ ಫ್ರಿಡ್ಜಿನಲ್ಲಿ ತಂಪು ಕಡಿಮೆಯಾಯಿತು. ಕುಪ್ಪುಸ್ವಾಮಿ ಮಾರಿಕುಪ್ಪಂ ರೈಲಿನಲ್ಲಿ ಬಂದು, ಚೀಲದಿಂದ ದೀಪ ತೆಗೆದು ಹಚ್ಚಿದರು. ಗ್ಯಾಸ್ ಸೋರಿಕೆ ಹುಡುಕುವ ದೀಪ ಅದು. ಅದಕ್ಕೆ ಒಂದು ರಬ್ಬರ್ ಕೊಳವೆ. ಅದನ್ನು ಫ್ರಿಡ್ಜಿನ ಬೆಸುಗೆಗಳ ಹತ್ತಿರ ಹಿಡಿದಾಗ ಸೋರುವ ಗ್ಯಾಸ್ ಒಳಗೆ ಹೋದರೆ ನೀಲಿ ಉರಿ ಹಸಿರಾಗುತ್ತಿತ್ತು. ಕಸುಬು ಕಲಿತ ಹೊಸದರಲ್ಲಿ ಅವರು ಸೋಪಿನ ನೊರೆ ಹಚ್ಚಿ ಗುಳ್ಳೆ ನೋಡುತ್ತಿದ್ದರು. ದೀಪ ಬಂದ ಮೇಲೆ ನೊರೆಯನ್ನು ಬಿಟ್ಟಿದ್ದರು.

ಅಂಗಡಿಯ ಬಾಗಿಲಲ್ಲಿ ಕೂತಿದ್ದ ಕೋದಂಡಪ್ಪನ ತಾಯಿ ನರಸಮ್ಮ ಕೇಳಿದರು: "ಏನಪ್ಪಾ, ಫ್ರಿಜ್ಜಿಗೆ ಮಂಗಳಾರತಿ ಎತ್ತುತಾ ಇದ್ದೀಯಾ?"

"ಹೂಂ ಅಮ್ಮಾ. ದಕ್ಷಿಣೆ ನಿಮ್ಮ ಮಗ ಕೊಡ್ತಾರೆ."

ಫ್ರಿಡ್ಜಿನ ಹಿಂದಿನ ತಗಡಿನ ಮೇಲೆ ಗ್ಯಾಸಿನ ಬೇರೆ ನಂಬರ್ ಇತ್ತು. ಕುಪ್ಪುಸ್ವಾಮಿ ಅದನ್ನು ನೋಡಿದರು. ಗ್ಯಾಸ್ ಅಂದರೆ ಗ್ಯಾಸ್ ಎಂದುಕೊಂಡರು. ಎಲ್ಲ ಬೆಸುಗೆಗಳಿಗೂ ಕೊಳವೆ ಹಿಡಿದರು. ಉರಿ ನೀಲಿಯಾಗಿಯೇ ಉಳಿಯಿತು.

"ಲೀಕ್ ಇಲ್ಲ ಅಣ್ಣಾ," ಎಂದು ಹೇಳಿ ಥರ್ಮೋಸ್ಟಾಟ್ ಬದಲಿಸಿ ಹೋದರು.

ಕೋದಂಡಪ್ಪ ಅಂಗಡಿ ಮುಚ್ಚಿ ಮುಳಬಾಗಿಲಿನ ಮದುವೆಗೆ ಹೋದ. ಮರಳಿ ಬಂದು ಬಾಗಿಲು ತೆರೆದಾಗ ಫ್ರಿಡ್ಜಿನ ಒಳಗೂ ಹೊರಗಿನಷ್ಟೇ ಸೆಕೆ. ನಾಯಿ ಕಡಿತದ ಲಸಿಕೆ, ಇನ್ಸುಲಿನ್ ಎಲ್ಲವನ್ನೂ ಎಸೆಯಬೇಕಾಯಿತು. ಬೆಂಗಳೂರಿನಿಂದ ಕಂಪನಿಯ ಮೆಕ್ಯಾನಿಕ್ ಬಂದ. ಸುದ್ದಿ ತಿಳಿದು ಕುಪ್ಪುಸ್ವಾಮಿಯೂ ಬಂದಾಗ, ಅವನು ಒಂದು ಬೆಸುಗೆಗೆ ಸೋಪಿನ ನೊರೆ ಹಚ್ಚಿ ಕೂತಿದ್ದ. ನೊರೆಯಲ್ಲಿ ಸಣ್ಣ ಗುಳ್ಳೆಗಳು ಏಳುತ್ತಿದ್ದವು.

"ಲೀಕ್ ಇಲ್ಲ ಅಂತ ಏಳಿ ಓದೆಯಲ್ಲಯ್ಯಾ," ಎಂದ ಕೋದಂಡಪ್ಪ. "ನಿನ್ನ ದೀಪ ನಂಬ್ಕೊಂಡು ನಾನು ಮದುವೆ ಊಟಕ್ಕೆ ಓದೆ."

ಕಂಪನಿಯವನು ತಲೆ ಎತ್ತದೆ ಹೇಳಿದ: "ದೀಪ ಹಳೇ ಗ್ಯಾಸಿಗೆ ಸರಿ ಅಣ್ಣಾ. ಅದರಲ್ಲಿ ಕ್ಲೋರಿನ್ ಇರ್ತಿತ್ತು, ಅದಕ್ಕೇ ಉರಿ ಹಸಿರಾಗೋದು. ಓಜೋನ್ ಹಾಳಾಗುತ್ತೆ ಅಂತ ಹೊಸದರಲ್ಲಿ ಅದನ್ನೇ ತೆಗೆದುಬಿಟ್ಟಿದ್ದಾರೆ."

"ಯಾವಾಗ?"

"ಆಗ್ಲೇ ಒಂದೆರಡು ವರ್ಷ ಆಯ್ತಲ್ಲ."

ಕುಪ್ಪುಸ್ವಾಮಿ ಗುಳ್ಳೆಗಳನ್ನು ನೋಡುತ್ತಾ ನಿಂತರು. ಕೋದಂಡಪ್ಪ ಇನ್ನಷ್ಟು ಬೈಯಬಹುದೆಂದು ಕಾದರು. ಅವನು ಬೈಯಲಿಲ್ಲ, ಗಿರಾಕಿಯೊಬ್ಬರಿಗೆ ಮಾತ್ರೆ ಕತ್ತರಿಸಿ ಕೊಟ್ಟ. ನರಸಮ್ಮ ಕಾಫಿ ತಂದುಕೊಟ್ಟರು, ತಮಾಷೆ ಮಾಡಲಿಲ್ಲ. ಕಾಫಿ ಕುಡಿದ ಲೋಟವನ್ನು ಕುಪ್ಪುಸ್ವಾಮಿಯೇ ತೊಳೆದಿಟ್ಟು ಸ್ಟೇಷನ್ನಿನ ಕಡೆ ನಡೆದರು.

ಮುಂದಿನ ವಾರ ಅವರು ಬಂಗಾರಪೇಟೆಯ ಉಳಿದ ಮೆಡಿಕಲ್ ಶಾಪುಗಳಿಗೆ ಹೋದರು. ಯಾರೂ ಒರಟಾಗಿ ಮಾತಾಡಲಿಲ್ಲ. ಇನ್ನು ರಿಪೇರಿಗೆ ಕಂಪನಿಯವರೇ ಬರುತ್ತಾರೆ, ವರ್ಷಕ್ಕಿಷ್ಟು ಎಂದು ಮಾತಾಗಿದೆ ಎಂದರು. ಹಣ್ಣಿನ ರಸ ಮಾರುವ ಮುನಿಶಾಮಮ್ಮ ಮಾತ್ರ ಕೂಗಿ ಕರೆದರು.

"ಫ್ಯಾನ್ ತಿರುಗ್ತಾ ಇಲ್ಲ, ನೋಡ್ತೀಯಾ?"

"ಫ್ಯಾನ್ ನಾನು ನೋಡಲ್ಲಕ್ಕಾ."

"ಮತ್ತೇನು ನೋಡ್ತೀಯಾ ಈಗ?"

ಕುಪ್ಪುಸ್ವಾಮಿ ಚೀಲ ಕೆಳಗಿಟ್ಟರು. ಆಮೇಲೆ ಸ್ಟೂಲ್ ಕೇಳಿ, ಹತ್ತಿ, ಫ್ಯಾನ್ ಬಿಚ್ಚಿದರು.